ಜಾಕ್ ಇಡುವ ಜಾಗ

ಕೊಟ್ಟಿಗೆಹಾರದ ಕಡೆಯಿಂದ ನಮ್ಮ ತೋಟಕ್ಕೆ ಇಳಿಯುವ ಮಣ್ಣುದಾರಿಯಲ್ಲಿ ಮೂರು ತಿರುವುಗಳಿವೆ. ಮೂರನೆಯದರಲ್ಲಿ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದಾಗ ಕಾಲಡಿಯಲ್ಲಿ 'ಕಟಕ್' ಎಂದಿತು. ಚರಂಡಿ ದಾಟುವಾಗ ಇನ್ನೊಮ್ಮೆ. ಕಲ್ಲು ಸಿಡಿದಿರಬೇಕು ಅಂದುಕೊಂಡೆ. ವಾರ ಕಳೆಯುವಷ್ಟರಲ್ಲಿ ಪಕ್ಕದಲ್ಲಿ ಕೂತ ಮಗಳೇ "ಅಪ್ಪಾ, ಮತ್ತೆ ಬಂತು" ಅನ್ನತೊಡಗಿದಳು.

ಗಾಡಿ ಹಳೆಯ ಡಬಲ್ ಕ್ಯಾಬಿನ್ ಪಿಕಪ್, ಫೋರ್ ವೀಲ್ ಡ್ರೈವ್. ಆಗ 1,38,000 ಕಿಲೋಮೀಟರ್ ಓಡಿತ್ತು. ಕೊಯ್ಲಿನ ಕಾಲದಲ್ಲಿ ಐವತ್ತು ಕೆಜಿಯ ಕಾಫಿ ಮೂಟೆ, ಮಳೆಗಾಲದಲ್ಲಿ ಗೊಬ್ಬರ, ನಡುರಾತ್ರಿ ಕೆಲಸಗಾರರ ಲೈನ್ ಮನೆಯಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ ಮೂಡಿಗೆರೆ ಆಸ್ಪತ್ರೆ, ಎಲ್ಲಕ್ಕೂ ಅದೇ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ದಾರಿ ಮುಚ್ಚಿದ ದಿನಗಳಲ್ಲೂ ನಮ್ಮನ್ನು ಕೆಸರಿನಿಂದ ದಾಟಿಸಿದ್ದು ಅದೇ. ಹಾಗಾಗಿ ಸದ್ದನ್ನು ಅಸಡ್ಡೆ ಮಾಡುವ ಮನಸ್ಸಿರಲಿಲ್ಲ. ಪೇಟೆಯ ಒಂದು ಗ್ಯಾರೇಜಿಗೆ ಒಯ್ದೆ. ಚಾಸಿಗೆ ಜಾಕ್ ಕೊಟ್ಟು ಮುಂದಿನ ಎರಡೂ ಚಕ್ರ ಎತ್ತಿ, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. "ಜಾಯಿಂಟೆಲ್ಲ ಟೈಟಾಗಿದೆ ಗೌಡ್ರೆ, ರಬ್ಬರ್ ಬುಶ್ ಹೋಗಿರಬೇಕು" ಅಂದರು. ಬುಶ್ ಬದಲಾಯಿತು, ಸದ್ದು ಹೋಗಲಿಲ್ಲ. ಮೂರು ತಿಂಗಳಲ್ಲಿ ಎಡ ಮುಂದಿನ ಟೈರಿನ ಒಳಅಂಚು ಬೋಳಾಯಿತು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದೂ ನಿಂತಿತು.

ನಿಜ ತೋರಿಸಿಕೊಟ್ಟವರು ಕಾಫಿ ಪಲ್ಪರ್ ರಿಪೇರಿಗೆ ತೋಟಕ್ಕೆ ಬರುತ್ತಿದ್ದ ಲೇತ್ ಅಂಗಡಿಯ ಹಿರಿಯರು. ನಾನು ಚಾಸಿಗೆ ಇಟ್ಟಿದ್ದ ಜಾಕನ್ನು ತೆಗೆಸಿ, ಚಕ್ರವನ್ನು ಚಾಸಿಗೆ ಸೇರಿಸುವ ಕೆಳಗಿನ ತೋಳಾದ ಲೋವರ್ ಆರ್ಮಿನ ತುದಿಗೆ, ಬಾಲ್ ಜಾಯಿಂಟಿನ ಹತ್ತಿರಕ್ಕೆ ಕೊಡಿಸಿದರು. ಟೈರು ನೆಲದಿಂದ ಎರಡು ಬೆರಳಷ್ಟೇ ಎದ್ದಿತು. ಕಾಫಿ ಗುಂಡಿ ತೋಡುವ ಹಾರೆಯನ್ನು ಟೈರಿನಡಿ ತೂರಿಸಿ ಮೆಲ್ಲಗೆ ಮೀಟಿದರು. "ಕೈ ಇಡಿ ಇಲ್ಲಿ" ಅಂದರು. ಜಾಯಿಂಟಿನ ಮೇಲೆ ಬೆರಳಿಟ್ಟೆ. ಗುಂಡು ತನ್ನ ಗೂಡಿನೊಳಗೆ ಎದ್ದು ಬೀಳುತ್ತಿತ್ತು. ಸುಮಾರು ಮೂರು ಮಿಲಿಮೀಟರ್ ಪ್ಲೇ. ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ತಿಳಿಯಿತು, ನನ್ನ ಹೊಟ್ಟೆಯಲ್ಲಿ ಚಳಿ ಹುಟ್ಟಿತು.

ಗ್ಯಾರೇಜಿನಲ್ಲಿ ಯಾಕೆ ಗೊತ್ತಾಗಲಿಲ್ಲ? ನಮ್ಮ ಗಾಡಿಯ ಮುಂದೆ ಕಾಯಿಲ್ ಸ್ಪ್ರಿಂಗ್ ಇಲ್ಲ. ಟಾರ್ಷನ್ ಬಾರ್ ಇದೆ. ಉದ್ದನೆಯ ಉಕ್ಕಿನ ಸರಳು, ತಿರುಚಿಕೊಂಡು ಲೋವರ್ ಆರ್ಮನ್ನು ಸದಾ ಕೆಳಕ್ಕೆ ಒತ್ತುತ್ತಿರುತ್ತದೆ. ಚಾಸಿ ಎತ್ತಿದರೆ ಆರ್ಮು ಜೋತುಬಿದ್ದರೂ ಆ ಒತ್ತಡ ಹೋಗುವುದಿಲ್ಲ. ಸವೆದ ಜಾಯಿಂಟು ಅದರಡಿ ಬಿಗಿಯಾಗಿಯೇ ಇರುತ್ತದೆ. ಆರ್ಮಿಗೇ ಜಾಕ್ ಕೊಟ್ಟಾಗ ಭಾರ ಜಾಕಿಗೆ ಹೋಗಿ ಜಾಯಿಂಟು ಹಗುರಾಗುತ್ತದೆ. ಸವೆತ ಆಗ ಹೊರಬರುತ್ತದೆ. ವೀಲ್ ಬೇರಿಂಗ್ ಲೂಸೋ ಬಾಲ್ ಜಾಯಿಂಟೋ ಎಂಬ ಅನುಮಾನಕ್ಕೂ ಅವರು ದಾರಿ ತೋರಿಸಿದರು. ಒಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಟೈರು ಅಲ್ಲಾಡಿಸಬೇಕು. ಆಗ ಪ್ಲೇ ಮಾಯವಾದರೆ ಬೇರಿಂಗು, ಹಾಗೇ ಉಳಿದರೆ ಜಾಯಿಂಟು.

ಭಾರ ಹೊತ್ತ ಕೆಳಗಿನ ಜಾಯಿಂಟು ಕಳಚಿದರೆ ಚಕ್ರ ಮಗುಚಿ ಗಾಡಿ ಅದರ ಮೇಲೆಯೇ ಕೂರುತ್ತದೆ. ಮೂರು ತಿಂಗಳು ಮಗಳನ್ನು ಕೂರಿಸಿಕೊಂಡು ಘಾಟಿ ಇಳಿದಿದ್ದೆ.

ಮೊದಲ ಸಲ ನಾನೇ ಬಿಚ್ಚಿದೆ, ಆತುರಪಟ್ಟೆ. ನಟ್ ತೆಗೆದು, ಕವೆಯಂಥ ಫೋರ್ಕನ್ನು ಜಾಯಿಂಟಿನ ಸಂದಿಗೆ ಇಟ್ಟು ಸುತ್ತಿಗೆಯಿಂದ ಹೊಡೆದೆ. ಕೆಳಗಿನದ್ದು ಬಂತು. ಮೇಲಿನ ಆರ್ಮಿನ ಜಾಯಿಂಟು ಚೆನ್ನಾಗಿಯೇ ಇತ್ತು, ಆದರೂ ಅದನ್ನೂ ಹಾಗೇ ಬಿಡಿಸಿದೆ. ಫೋರ್ಕು ಅದರ ರಬ್ಬರ್ ಹೊದಿಕೆಯನ್ನು, ಅಂದರೆ ಬೂಟನ್ನು, ಉಗುರಗಲ ಸೀಳಿತು. ಅಷ್ಟು ಸೀಳಿಗೆ ಏನಾಗುತ್ತೆ ಅಂತ ಗ್ರೀಸ್ ಮೆತ್ತಿ ಜೋಡಿಸಿಬಿಟ್ಟೆ. ನಮ್ಮ ಮಳೆಗಾಲಕ್ಕೆ ಅಷ್ಟೇ ಸಾಕು. ಕೆಂಪು ಕೆಸರು ಒಳಗೆ ಹೋಗಿ ಗ್ರೀಸ್ ಜೊತೆ ಸೇರಿ ಸಾಣೆಯಾಯಿತು. ಜೂನ್‌ನಲ್ಲಿ ಗಟ್ಟಿಯಿದ್ದ ಜಾಯಿಂಟು ದೀಪಾವಳಿ ಹೊತ್ತಿಗೆ ಗಲಗಲ.

ಎರಡನೇ ಸಲ ಹಿರಿಯರು ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತರು. ಚಾಸಿ ಸ್ಟ್ಯಾಂಡ್ ಮೇಲೆ, ಲೋವರ್ ಆರ್ಮು ಜಾಕ್ ಮೇಲೆ. ಆ ಜಾಕ್ ತೆಗೆಯುವ ಹಾಗೇ ಇಲ್ಲ, ತೆಗೆದರೆ ಟಾರ್ಷನ್ ಬಾರ್ ಆರ್ಮನ್ನು ಒದೆಯುತ್ತದೆ. ಬ್ರೇಕ್ ಕ್ಯಾಲಿಪರನ್ನು ಕಂಬಿಯಿಂದ ಮೇಲಕ್ಕೆ ಕಟ್ಟಿದೆವು. ಪೈಪಿಗೆ ನೇತುಹಾಕಿದರೆ ಪೈಪು ಒಳಗೊಳಗೇ ಹಾಳಾಗುತ್ತದೆ. ಟೂ ವೀಲ್ ಡ್ರೈವ್ ಗಾಡಿಯಾಗಿದ್ದರೆ ಇಲ್ಲಿಗೆ ದಾರಿ ಸಲೀಸು. ನಮ್ಮದರಲ್ಲಿ ಚಕ್ರದ ನಡುವೆ ಡ್ರೈವ್ ಶಾಫ್ಟ್ ಹಾದುಹೋಗುತ್ತದೆ. ಅದರ ತುದಿ ಬಿಡಿಸಿಕೊಳ್ಳದೆ ಚಕ್ರ ಹೊತ್ತ ನಕಲ್ ಎಳೆದರೆ ಶಾಫ್ಟಿನ ಜಾಯಿಂಟು ಕಳಚಿಕೊಳ್ಳುತ್ತದೆ.

ಸ್ಪ್ಲಿಟ್ ಪಿನ್ ತೆಗೆದು ನಟ್ಟನ್ನು ಸಡಿಲಿಸಿದೆ, ಪೂರ್ತಿ ಬಿಚ್ಚಲಿಲ್ಲ. ನಾಲ್ಕು ಸುತ್ತು ಕಚ್ಚಿರಲಿ ಅಂದರು. ಜಾಯಿಂಟಿನ ಕಡ್ಡಿ ಬೆಣೆಯ ಹಾಗೆ ತುದಿಗೆ ಸಪೂರ. ನಕಲಿನ ಕಣ್ಣಿನಲ್ಲಿ ಬೆಣೆಯಂತೆಯೇ ಕಚ್ಚಿರುತ್ತದೆ. ಕಡ್ಡಿಗೆ ಹೊಡೆದರೆ ಉಪಯೋಗವಿಲ್ಲ. ಅವರು ಕಣ್ಣಿನ ಒಂದು ಪಕ್ಕಕ್ಕೆ ದೊಡ್ಡ ಸುತ್ತಿಗೆ ಆನಿಸಿ ಹಿಡಿದರು, ನಾನು ಎದುರು ಪಕ್ಕಕ್ಕೆ ಹೊಡೆದೆ. ಎಂಟನೇ ಏಟಿಗೋ ಒಂಬತ್ತಕ್ಕೋ 'ಟಣ್' ಅಂತ ತಾನಾಗಿ ಬಿಟ್ಟಿತು. ಬೂಟಿಗೆ ಒಂದು ಗೀರೂ ಆಗಲಿಲ್ಲ. ಸುತ್ತಿಗೆ ಕೆಲಸದಲ್ಲಿ ಇಷ್ಟು ನಯ ಇರಬಹುದು ಎಂದು ನನಗೆ ಗೊತ್ತಿರಲಿಲ್ಲ.

ಮೇಲಿನದ್ದು ನಾಲ್ಕು ಬೋಲ್ಟಿನದ್ದು, ಬೇಗ ಮುಗಿಯಿತು. ಮೊದಲ ಸಲ ಕೆಳಗಿನದ್ದನ್ನು ನಾನು ಬಡಿದು ಕೂರಿಸಿದ್ದೆ, ಅದು ವಾರೆಯಾಗಿತ್ತು. ಈ ಸಲ ಸರ್‌ಕ್ಲಿಪ್ ತೆಗೆದು, ಸ್ಕ್ರೂ ಪ್ರೆಸ್‌ನಲ್ಲಿ ಹೊರದಬ್ಬಿ, ಹೊಸದನ್ನು ಅದರಲ್ಲೇ ನೇರವಾಗಿ ಕೂರಿಸಿದೆವು. "ಬಿಗಿ ಸಾಲದಿದ್ದರೆ ಒಂದು ಚುಕ್ಕೆ ವೆಲ್ಡಿಂಗ್ ಇಡೋಣವಾ ಅಣ್ಣ?" ಅಂತ ಕೇಳಿದೆ. "ಒಳಗಿರೋದು ಪ್ಲಾಸ್ಟಿಕ್ ಸೀಟು ಗೌಡ್ರೆ, ಕರಗಿಹೋಗುತ್ತೆ. ಬಿಗಿ ಸಾಲದಿದ್ದರೆ ಆರ್ಮೇ ಬದಲಾಯಿಸಬೇಕು." ಪುಣ್ಯಕ್ಕೆ ಬಿಗಿ ಇತ್ತು. ಕಡ್ಡಿಯನ್ನೂ ಕಣ್ಣನ್ನೂ ಒಣಬಟ್ಟೆಯಲ್ಲಿ ಒರೆಸಲು ಹೇಳಿದರು. ಅಲ್ಲಿ ಗ್ರೀಸ್ ಕೂಡದು. ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿದಾಗ ಪಿನ್ನಿನ ತೂತು ನಟ್ಟಿನ ಸೀಳಿಗೆ ಕೂಡಲಿಲ್ಲ. ನನ್ನ ಕೈ ಹಿಂದಕ್ಕೆ ಹೋಯಿತು. ಅವರು ಮಣಿಕಟ್ಟು ಹಿಡಿದು ಮುಂದಕ್ಕೇ ತಿರುಗಿಸಿದರು. ಹಿಂದಕ್ಕೆ ಸಡಿಲಿಸಿದರೆ ಬೆಣೆಯ ಕಚ್ಚು ಹೋಗುತ್ತದೆ.

ಮಾರನೇ ದಿನ ಚಿಕ್ಕಮಗಳೂರಿಗೆ ಹೋಗಿ ಅಲೈನ್‌ಮೆಂಟ್ ಮಾಡಿಸಿದೆ. ಮೂರನೇ ತಿರುವಿನಲ್ಲಿ ಮಗಳು ಕಿವಿಗೊಟ್ಟು ಕೂತಿದ್ದಳು. ಬಿದಿರು ಮೆಳೆಯ ಜೀರುಂಡೆ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಈಗ ಪ್ರತಿ ಅಕ್ಟೋಬರಿನಲ್ಲಿ, ಕೊಯ್ಲು ಶುರುವಾಗುವ ಮೊದಲು, ಆರ್ಮಿನಡಿ ಜಾಕ್ ಇಡುತ್ತೇನೆ. ಮಗಳು ಹಾರೆ ಮೀಟುತ್ತಾಳೆ, ನಾನು ಬೆರಳಿಟ್ಟು ನೋಡುತ್ತೇನೆ. ಈ ವರ್ಷ ಬಲಗಡೆ ಕೆಳಗಿನದ್ದು ಕೂದಲೆಳೆಯಷ್ಟು ಆಡಿತು. ಹೊಸ ಜಾಯಿಂಟು ತಂದಿಟ್ಟಿದ್ದೇನೆ. ಭಾನುವಾರ ಮಳೆ ಬಿಟ್ಟರೆ ಬಿಚ್ಚಬೇಕು.