ಮನಸ್ಸಿನ ಆಸರೆ

ವಿಜಯಪುರ ಜಿಲ್ಲೆಯ ನಿಡಗುಂದಿಯು ಕೃಷ್ಣಾ ನದಿಗೆ ಸಮೀಪದ ಊರು. ಅದರ ನೆರೆಯಲ್ಲಿಯೇ ಆಲಮಟ್ಟಿ ಅಣೆಕಟ್ಟು ಇದೆ. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಇದಕ್ಕೆ ಅಡಿಗಲ್ಲನ್ನಿಟ್ಟರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಇದನ್ನು ನಾಡಿಗೆ ಅರ್ಪಿಸಿದರು. ಬರದ ಸೀಮೆಗೆ ನೀರೂ ವಿದ್ಯುತ್ತೂ ದೊರೆತವು. ಆದರೆ ಹಿನ್ನೀರಿನಲ್ಲಿ ಅನೇಕ ಹಳ್ಳಿಗಳೂ ಹಳೆಯ ಬಾಗಲಕೋಟೆಯ ಒಂದು ಭಾಗವೂ ಮುಳುಗಿದವು. ಸಾವಿರಾರು ಕುಟುಂಬಗಳು ಪುನರ್ವಸತಿ ಕೇಂದ್ರಗಳಿಗೆ ತೆರಳಬೇಕಾಯಿತು.

ಮುಳುಗಿದ ಮನೆಗೂ ಹೊಲಕ್ಕೂ ಬೆಲೆ ಕಟ್ಟಿ ಪರಿಹಾರವನ್ನು ಕೊಡಬಹುದು. ಆದರೆ ಯಾವ ಲೆಕ್ಕಪತ್ರಕ್ಕೂ ಸಿಗದ ಸಂಪತ್ತೊಂದು ಹಳ್ಳಿಯಲ್ಲಿತ್ತು. ಇಂದು ನನ್ನ ಹೊಲ, ನಾಳೆ ನಿನ್ನ ಹೊಲ ಎಂದು ಜನರು ಒಬ್ಬರಿಗೊಬ್ಬರು ಮುಯ್ಯಾಳಾಗಿ ದುಡಿಯುತ್ತಿದ್ದರು. ಎಳ್ಳಮಾವಾಸ್ಯೆಯಂದು ಬಂಧುಗಳನ್ನೂ ನೆರೆಹೊರೆಯವರನ್ನೂ ಕರೆದುಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಒಟ್ಟಿಗೆ ಕುಳಿತು ಉಣ್ಣುತ್ತಿದ್ದರು. ಹೊಲವೇ ನೀರಿನ ಪಾಲಾದ ಮೇಲೆ ಚರಗ ಚೆಲ್ಲುವುದೆಲ್ಲಿ? ನೆರೆಯವರು ದಿಕ್ಕಿಗೊಬ್ಬರಾದ ಮೇಲೆ ಉಣ್ಣುವುದು ಯಾರೊಡನೆ?

ಮನುಷ್ಯನ ಮನಸ್ಸಿಗೆ ಎರಡು ಆಸರೆಗಳುಂಟು. ತನ್ನವರೆಂಬ ಜನ ಒಂದು. ನಾಳೆಗೊಂದು ಕೆಲಸವಿದೆ ಎಂಬ ಗುರಿ ಇನ್ನೊಂದು. ನೆಲೆ ತಪ್ಪಿದ ರೈತನಿಗೆ ನೆರೆಯವನೂ ಇಲ್ಲ, ಮುಂದಿನ ಬಿತ್ತನೆಯ ಚಿಂತೆಯೂ ಇಲ್ಲ. ಕೈಯಲ್ಲಿ ಹಣವಿದ್ದರೂ ಅವನ ಮನಸ್ಸು ಬರಿದಾಗುವುದು ಇದರಿಂದಲೇ.

ಇದಕ್ಕಿಂತ ಘೋರವಾದ ಸಂಕಟದಲ್ಲಿಯೂ ಈ ಎರಡು ಆಸರೆಗಳು ಒಬ್ಬ ವೈದ್ಯನನ್ನು ಉಳಿಸಿದವು. ಆಸ್ಟ್ರಿಯದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳ ಯಾತನಾ ಶಿಬಿರದಲ್ಲಿದ್ದರು. ಅವರು ಬರೆದ ಗ್ರಂಥದ ಹಸ್ತಪ್ರತಿಯು ಅಲ್ಲಿ ನಾಶವಾಯಿತು. ಹಸಿವು ಚಳಿಗಳ ನಡುವೆ ಅವರು ಪತ್ನಿಯನ್ನು ನೆನೆಯುತ್ತಿದ್ದರು. ಸಿಕ್ಕ ಕಾಗದದ ಚೂರುಗಳ ಮೇಲೆ ಕಳೆದುಹೋದ ಗ್ರಂಥವನ್ನು ಮರಳಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಪತ್ನಿ ಬದುಕಿ ಬರಲಿಲ್ಲ. ಆದರೂ ಬಿಡುಗಡೆಯ ನಂತರ ಅವರು ಆ ಗ್ರಂಥವನ್ನು ಪೂರ್ಣಗೊಳಿಸಿದರು.

ಗುರಿಯು ದೊಡ್ಡದೇ ಆಗಬೇಕೆಂದಿಲ್ಲ. ಹೊಸ ಊರಿನ ಬರಿಯ ಅಂಗಳದಲ್ಲಿ ಬೇವಿನ ಸಸಿಯೊಂದನ್ನು ನೆಟ್ಟು ಬೆಳೆಸುವುದೂ ಗುರಿಯೇ. ಹೊಸ ನೆರೆಯವರನ್ನು ಹಬ್ಬದೂಟಕ್ಕೆ ಕರೆಯುವುದೇ ಹೊಸ ಬಳಗದ ಮೊದಲ ಹೆಜ್ಜೆ.

ವಿದ್ಯಾರ್ಥಿಗಳ ಬಾಳಿನಲ್ಲಿಯೂ ಸಣ್ಣ ಮುಳುಗಡೆಗಳುಂಟು: ಪರೀಕ್ಷೆಯ ಸೋಲು, ಗೆಳೆಯನ ಅಗಲಿಕೆ, ಮನೆಯಲ್ಲಿ ಬಂದ ಕಷ್ಟ. ಆಗ ಒಂಟಿಯಾಗಿ ಕೊರಗುವುದು ಧೈರ್ಯವಲ್ಲ. ತಾಯಿತಂದೆಯರೊಡನೆಯೋ ಗುರುಗಳೊಡನೆಯೋ ಮನಬಿಚ್ಚಿ ಮಾತನಾಡಬೇಕು. ಅನಂತರ, ಮರುದಿನ ಬೆಳಗ್ಗೆ ಮಾಡಬೇಕಾದ ಒಂದು ಕೆಲಸವನ್ನು ಗೊತ್ತುಪಡಿಸಿಕೊಂಡು ಮಲಗಬೇಕು.