ಪ್ರವಾಸಿಗಳಿಂದ ಗ್ರಾಮಕ್ಕೆ ಆದಾಯವೂ ಕಗ್ಗಲಡುವಿನ ಹುಣಿಸೆಮರಗಳೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆಯು ಅಲ್ಪವಾಗಿಯೂ ಅನಿಶ್ಚಿತವಾಗಿಯೂ ಇರುವುದೆಂಬುದು ಭೂಮಿಯುಳ್ಳವರಿಗೆಲ್ಲ ತಿಳಿದೇ ಇದೆ. ಕಡಲೆಕಾಯಿಯ ಬೆಳೆಯು ಕೈಕೊಟ್ಟ ವರ್ಷದಲ್ಲಿ ಸಂಸಾರವು ಸಾಗಬೇಕಾದರೆ ಬೇಸಾಯದೊಡನೆ ಮತ್ತೊಂದು ಹುಟ್ಟುವಳಿ ಇರುವುದು ಅವಶ್ಯಕ. ಹೈನು, ಕುರಿ, ರೇಷ್ಮೆ ಇವುಗಳನ್ನು ರೈತರು ಬಲ್ಲರು. ಪರಸ್ಥಳಗಳಿಂದ ನೋಡಬರುವ ಜನರಿಂದಲೂ ಹುಟ್ಟುವಳಿಯುಂಟೆಂಬುದನ್ನೂ ಅದು ಯಾರ ಕೈ ಸೇರತಕ್ಕದ್ದೆಂಬುದನ್ನೂ ಗ್ರಾಮದ ಮುಖಂಡರು ಅಷ್ಟಾಗಿ ಆಲೋಚಿಸಿದಂತೆ ಕಾಣುವುದಿಲ್ಲ.

ನೋಡತಕ್ಕ ಸ್ಥಳಗಳಿಗೇನೂ ಕೊರತೆಯಿಲ್ಲ. ಮಧುಗಿರಿಯ ಏಕಶಿಲೆಯ ಬೆಟ್ಟದ ಕೋಟೆಗೂ, ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟಕ್ಕೂ ಗೊರವನಹಳ್ಳಿಯ ಲಕ್ಷ್ಮೀದೇವಾಲಯಕ್ಕೂ, ಪಾವಗಡದ ಶನಿಮಹಾತ್ಮನ ಸನ್ನಿಧಿಗೂ ಜನರು ಬರುತ್ತಲೇ ಇರುತ್ತಾರೆ. ಆದರೆ ಬಂದವರ ಹಣವು ಬಸ್ಸಿಗೂ ಪೇಟೆಯ ಹೋಟೆಲಿಗೂ ಸೇರಿ, ಅವರು ಬಿಸಾಡಿದ ಪ್ಲಾಸ್ಟಿಕ್ಕು ಮಾತ್ರ ಬೆಟ್ಟದ ತಪ್ಪಲಿನ ಹೊಲಗಳ ಪಾಲಿಗೆ ಬರುವುದಾದರೆ, ಅದರಿಂದ ಹಳ್ಳಿಗೆ ಪ್ರಯೋಜನವೇನು? ಸಿದ್ಧರಬೆಟ್ಟದ ಮೂಲಿಕೆಗಳನ್ನು ಬೇರುಸಹಿತ ಕಿತ್ತೊಯ್ದರೆ ಮುಂದೆ ಬರುವವರಿಗೆ ಉಳಿಯುವುದು ಬರಿಯ ಬಂಡೆ.

ಶಿರಾ ತಾಲ್ಲೂಕಿನ ಕಗ್ಗಲಡುವಿನ ಸಂಗತಿಯು ಬೇರೆ. ಇಲ್ಲಿ ನೋಡತಕ್ಕ ವಸ್ತುವು ದೇವಾಲಯವಲ್ಲ, ಸರ್ಕಾರದ ಕಾಡೂ ಅಲ್ಲ. ಊರೊಳಗೆ, ಮನೆಗಳ ಮಗ್ಗುಲಲ್ಲಿಯೇ ನಿಂತಿರುವ ಹಳೆಯ ಹುಣಿಸೆಮರಗಳು. ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಬೇಸಗೆಯ ಮೊದಲಲ್ಲಿ ಬಂದು ಅವುಗಳ ಮೇಲೆ ಗೂಡು ಕಟ್ಟಿ, ಸುತ್ತಣ ಕೆರೆಗಳ ಮೀನು ತಂದು ಮರಿಗಳನ್ನು ಸಾಕಿ, ರೆಕ್ಕೆ ಬಲಿತ ಮೇಲೆ ಹೊರಟುಹೋಗುತ್ತವೆ. ನಾತವನ್ನೂ ಗದ್ದಲವನ್ನೂ ಸಹಿಸಿ ಊರಿನವರು ಅವುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ.

ತೊಡಕಿರುವುದು ಕಾಲದಲ್ಲಿ. ಹುಣಿಸೆಯ ಹಣ್ಣು ಬಲಿತು ಬಡಿಯುವ ಕಾಲವೂ, ಹಕ್ಕಿಗಳು ಗೂಡು ಕಟ್ಟುವ ಕಾಲವೂ ಹೆಚ್ಚು ಕಡಮೆ ಒಂದೇ. ಮರವನ್ನು ಬಡಿದರೆ ಮೊಟ್ಟೆಯು ನೆಲಕ್ಕೆ. ಬಡಿಯದಿದ್ದರೆ ಫಸಲು ನಷ್ಟ. ನೂರಾರು ಜನರು ದೂರದಿಂದ ಬಂದು ಚಿತ್ರ ತೆಗೆದುಕೊಂಡು ಹೋಗಲಿ, ನಷ್ಟವೆಲ್ಲವೂ ಮರದ ಯಜಮಾನನೊಬ್ಬನದೇ ಆಗಿರುವವರೆಗೆ ಅವನು ಒಂದಲ್ಲ ಒಂದು ದಿನ ಕೊಡಲಿಯನ್ನು ನೆನೆಯದೆ ಇರಲಾರನು. ಮರವು ಹೋದ ಮರುವರ್ಷ ಹಕ್ಕಿಯೂ ಇಲ್ಲ, ನೋಡಬರುವವನೂ ಇಲ್ಲ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಇದಕ್ಕೆ ಒಂದು ಉಪಾಯವನ್ನು ಮಾಡಿದ್ದಾರೆ. ಗೂಡುಳ್ಳ ಮರಗಳ ಯಜಮಾನರಿಗೆ ಫಸಲಿನ ನಷ್ಟಕ್ಕಾಗಿ ಅರಣ್ಯ ಇಲಾಖೆಯವರು ಪರಿಹಾರ ಕೊಡುವ ಏರ್ಪಾಡಾಯಿತು. 2007ರಲ್ಲಿ ಆ ಊರು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿಸಲ್ಪಟ್ಟಿತು. ಅಲ್ಲಿನ ರೈತರು ಮರದ ಬುಡದಲ್ಲಿ ಗುಂಡಿ ತೋಡಿ, ಬಿದ್ದ ಹಿಕ್ಕೆಗೆ ಕೆರೆಗೋಡನ್ನು ಬೆರಸಿ ಹೊಲಕ್ಕೆ ಹಾಕುವುದುಂಟು. ಸಾರಜನಕವೂ ರಂಜಕವೂ ಹೇರಳವಾಗಿರುವ ಈ ಗೊಬ್ಬರವು ಕಾಸಿಲ್ಲದೆ ಮನೆಬಾಗಿಲಿಗೆ ಬೀಳುತ್ತಿರುವಾಗ ಮಳೆಯಲ್ಲಿ ಕೊಚ್ಚಿಹೋಗಲು ಬಿಡುವುದು ಜಾಣತನವಲ್ಲ.

ಪರಿಹಾರವು ಸರ್ಕಾರದಿಂದಲೇ ಬರಬೇಕೆಂಬ ನಿಯಮವೇನೂ ಇಲ್ಲ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ತಿನ ಸ್ಥಾವರವು 2018ರಲ್ಲಿ ಆರಂಭವಾದಾಗ, ರೈತರ ಭೂಮಿಯನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಒಡೆತನವು ರೈತನಲ್ಲಿಯೇ ಉಳಿಯಿತು. ಅದರಂತೆಯೇ ಹಕ್ಕಿಗೆ ಬಿಟ್ಟುಕೊಟ್ಟ ಮರಕ್ಕೂ ಗೇಣಿಯನ್ನು ಗೊತ್ತುಮಾಡಬಹುದು. ಬರುವವರಿಂದ ಪಂಚಾಯಿತಿಯವರು ಅಲ್ಪ ಕಾಣಿಕೆಯನ್ನು ತೆಗೆದುಕೊಂಡು, ಅದರಲ್ಲಿ ಮೊದಲ ಪಾಲನ್ನು ಮರದ ಯಜಮಾನರಿಗೆ ಹಂಚಿ, ಉಳಿದುದನ್ನು ಕೆರೆಯ ತೂಬು, ಏರಿಗಳಿಗೆ ವಿನಿಯೋಗಿಸಲಿ. ಕೆರೆಯಲ್ಲಿ ನೀರಿಲ್ಲದ ವರ್ಷ ಹಕ್ಕಿಯನ್ನು ನಿರೀಕ್ಷಿಸುವುದು ವ್ಯರ್ಥ.

ಹಿಮಾಲಯದ ಸಣ್ಣ ದೇಶವಾದ ಭೂತಾನವು 1974ರಲ್ಲಿ ವಿದೇಶೀಯರಿಗೆ ಬಾಗಿಲು ತೆರೆದಂದಿನಿಂದ ಇಂಥ ನೀತಿಯನ್ನೇ ಹಿಡಿದಿದೆ: ಬರುವವರು ಮಿತವಾಗಿರಲಿ, ಬಂದವರು ತಕ್ಕಷ್ಟು ಕೊಡಲಿ. ಆದರೆ 2022ರಲ್ಲಿ ದಿನದ ಶುಲ್ಕವನ್ನು 200 ಡಾಲರಿಗೆ ಏರಿಸಿ, ಮರುವರ್ಷವೇ 100 ಡಾಲರಿಗೆ ಇಳಿಸಬೇಕಾಯಿತು. ಕಾಣಿಕೆಯನ್ನು ಗೊತ್ತುಮಾಡುವವರು ಇದನ್ನು ಮರೆಯದಿರುವುದು ಒಳ್ಳೆಯದು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವನ್ನಾಗಿ ಮಾಡಿದರು. ವಿಸ್ತೀರ್ಣ 798 ಎಕರೆ. ಹುಲ್ಲುಗಾವಲೆಂದರೆ ಪಾಳುಭೂಮಿಯೆಂದು ತಿಳಿದು ನೀಲಗಿರಿಯನ್ನು ನೆಡುವುದು ತಪ್ಪು ತಿಳಿವಳಿಕೆ. ಕೃಷ್ಣಮೃಗಕ್ಕೆ ಬೇಕಾದುದು ಬಯಲು. ಜಿಂಕೆಯು ಮೇಯ್ದ ಕಡಲೆಕಾಯಿ ಹೊಲದವನ ಪ್ರಶ್ನೆಯೂ ಹುಣಿಸೆಮರದವನ ಪ್ರಶ್ನೆಯೂ ಒಂದೇ.

ಕಗ್ಗಲಡುವಿನ ಮರಗಳಿಗೆ ವಯಸ್ಸಾಗಿರುವುದರಿಂದ ಹೊಸವನ್ನು ಈಗಲೇ ನೆಡತಕ್ಕದ್ದು. ಮೂರು ಅಡಿ ಉದ್ದ, ಅಗಲ, ಆಳದ ಗುಂಡಿಗಳನ್ನು 33 ಅಡಿ ಅಂತರದಲ್ಲಿ ತೆಗೆದು, ಕೊಟ್ಟಿಗೆಗೊಬ್ಬರವನ್ನೂ ಕೆರೆಗೋಡನ್ನೂ ತುಂಬಿ, ಮುಂಗಾರು ಹಿಡಿದೊಡನೆ ಸಸಿಯನ್ನಿಡಬೇಕು. ಕಸಿಗಿಡವು 4-5 ವರ್ಷಕ್ಕೆ ಫಲಿಸುವುದರಿಂದ ಹೊಲಕ್ಕೆ ಅದೇ ಲೇಸು. ಬೀಜದ ಸಸಿಯು ಫಲಕ್ಕೆ 8-10 ವರ್ಷ ಹಿಡಿದರೂ ಎತ್ತರಕ್ಕೆ ಬೆಳೆದು ಕೊಂಬೆ ಚಾಚುವುದರಿಂದ, ಊರ ಸುತ್ತಲೂ ಕೆರೆಯ ಬಳಿಯೂ ಗೂಡಿಗಾಗಿ ಇದನ್ನೇ ನೆಡುವುದು. ಮೊದಲ ಎರಡು ಬೇಸಗೆ ನೀರು ಹಾಕಿ, ಮೇಕೆ ಬಾಯಿಡದಂತೆ ಮುಳ್ಳುಬೇಲಿ ಕಟ್ಟಿದರೆ ಸಾಕು.