ಅಭಯದಾನ ಮತ್ತು ಅರಣ್ಯ: ಕಂಬಂ ಕಣಿವೆ ಕಲಿಸುವ ಪಾಠ



ಮಗಧದ ಅರಸ ಶ್ರೇಣಿಕನ ಪುತ್ರನಾದ ಮೇಘಕುಮಾರನು ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ದೀಕ್ಷೆ ಪಡೆದ ಮೊದಲ ರಾತ್ರಿಯೇ ಮನಸ್ಸು ಕದಡಿಕೊಂಡ ಕಥೆಯು ಶ್ವೇತಾಂಬರ ಆಗಮಗಳಲ್ಲೊಂದಾದ ಜ್ಞಾತಾಧರ್ಮಕಥಾದಲ್ಲಿ ಬರುತ್ತದೆ. ಹೊಸ ಮುನಿಯಾದ ಅವನಿಗೆ ಮಲಗಲು ದೊರೆತದ್ದು ಬಾಗಿಲ ಬಳಿಯ ಸ್ಥಳ. ಹೋಗಿಬರುವ ಮುನಿಗಳ ಕಾಲು ತಗುಲಿ ರಾತ್ರಿಯೆಲ್ಲ ನಿದ್ರೆ ಬರಲಿಲ್ಲ. ಬೆಳಗಾದೊಡನೆ ಮನೆಗೆ ಮರಳುವುದೆಂದು ನಿಶ್ಚಯಿಸಿದ ಅವನಿಗೆ ಭಗವಾನರು ಅವನ ಪೂರ್ವಜನ್ಮವನ್ನು ನೆನಪಿಸಿದರು.

ಹಿಂದಿನ ಜನ್ಮದಲ್ಲಿ ಅವನು ಕಾಡಿನ ಗಜರಾಜ. ಕಾಳ್ಗಿಚ್ಚಿನ ಭೀಕರತೆಯನ್ನು ಅರಿತಿದ್ದ ಆ ಆನೆಯು ಗಿಡ, ಹುಲ್ಲುಗಳನ್ನು ಕಿತ್ತು ವಿಶಾಲವಾದ ಬಯಲೊಂದನ್ನು ಮೊದಲೇ ಸಿದ್ಧಪಡಿಸಿತ್ತು. ಬೆಂಕಿ ಬಂದಾಗ ಹುಲಿ, ಜಿಂಕೆ, ನರಿ, ಮೊಲ ಎಲ್ಲವೂ ಅಲ್ಲಿಗೆ ಓಡಿಬಂದು ಒತ್ತೊತ್ತಾಗಿ ನಿಂತವು. ಮೈ ಕೆರೆದುಕೊಳ್ಳಲು ಆನೆ ಒಂದು ಕಾಲನ್ನು ಎತ್ತಿದಾಗ ಆ ಜಾಗಕ್ಕೆ ಮೊಲವೊಂದು ನುಸುಳಿತು. ಕಾಲಿಟ್ಟರೆ ಮೊಲ ಸಾಯುವುದೆಂದು ಆನೆಯು ಎರಡೂವರೆ ದಿನ ಕಾಲನ್ನು ಎತ್ತಿಯೇ ನಿಂತಿತು. ಬೆಂಕಿ ಆರಿ, ಮೊಲ ಹೊರಟುಹೋದ ಮೇಲೆ ಮರಗಟ್ಟಿದ ಕಾಲನ್ನು ಊರಲಾರದೆ ಕುಸಿದುಬಿದ್ದು ಪ್ರಾಣ ಬಿಟ್ಟಿತು.

ಈ ಕಥೆಯನ್ನು ಪ್ರವಚನಗಳಲ್ಲಿ ನಾವು ಅನೇಕ ಬಾರಿ ಕೇಳಿದ್ದೇವೆ. ಇದರಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಆನೆಯು ನೀಡಿದ್ದು ಬರಿಯ ಮರುಕವನ್ನಲ್ಲ, ನಿಲ್ಲಲು ಸ್ಥಳವನ್ನು. ಅದನ್ನೂ ಆಪತ್ತು ಬರುವ ಮೊದಲೇ ಸಿದ್ಧಪಡಿಸಿತ್ತು. ಎರಡನೆಯದು, ಸ್ಥಳ ಬಿಟ್ಟುಕೊಟ್ಟದ್ದಕ್ಕೆ ಬೆಲೆಯಿತ್ತು. ಆ ಬೆಲೆಯನ್ನು ತೆತ್ತದ್ದು ಒಂದೇ ಜೀವ. ಮಾನವ ಮತ್ತು ವನ್ಯಜೀವಿಗಳ ಸಹಬಾಳ್ವೆಯನ್ನು ಕುರಿತು ಇಂದು ನಡೆಯುತ್ತಿರುವ ಚರ್ಚೆಯೆಲ್ಲ ಈ ಎರಡು ಅಂಶಗಳಲ್ಲಿಯೇ ಅಡಗಿದೆ. ಅದನ್ನು ಅರಿಯಲು ಕಂಬಂ ಕಣಿವೆಗಿಂತ ಉತ್ತಮ ಪಾಠಶಾಲೆ ಬೇಕಿಲ್ಲ.

ಕಣಿವೆಯ ಪರಿಚಯ

ತಮಿಳುನಾಡಿನ ತೇನಿ ಜಿಲ್ಲೆಯ ಈ ಕಣಿವೆಯ ಪಶ್ಚಿಮಕ್ಕೆ ಕೇರಳದ ಪೆರಿಯಾರ್ ಕಾಡು ಮತ್ತು ಇಡುಕ್ಕಿಯ ಏಲಕ್ಕಿ ಬೆಟ್ಟಗಳು, ಪೂರ್ವಕ್ಕೆ ಮೇಘಮಲೆ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಸುರಂಗದ ಮೂಲಕ ಇತ್ತ ಹರಿದು ಬಂದ ಮೇಲೆ ಕಣಿವೆ ಹಸಿರಾಯಿತು. ಭತ್ತ, ಬಾಳೆ, ತೆಂಗು, ದ್ರಾಕ್ಷಿ ಸಮೃದ್ಧವಾದವು. ಅದೇ ಅಣೆಕಟ್ಟು ನಿರ್ಮಿಸಿದ ಜಲಾಶಯದ ಸುತ್ತಲಿನ ಕಾಡು 1978ರಲ್ಲಿ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶವಾಯಿತು. ಪೂರ್ವದ ಮಲೆಯು 2021ರಲ್ಲಿ ಘೋಷಿತವಾದ ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸೇರಿತು. ಹೀಗೆ ಎರಡು ಕಾಡುಗಳ ನಡುವೆ ಗದ್ದೆ, ತೋಟ ಮತ್ತು ಜನನಿಬಿಡ ಊರುಗಳು ನೆಲೆನಿಂತಿವೆ.

ಈ ನೆಲ ನಮಗೆ ಅಪರಿಚಿತವಲ್ಲ. ಕಂಬಂ ಸಮೀಪದ ಉತ್ತಮಪಾಳಯದ ಬಂಡೆಯ ಮೇಲೆ ತೀರ್ಥಂಕರರ ಉಬ್ಬುಶಿಲ್ಪಗಳಿವೆ. ಪಾರ್ಶ್ವನಾಥರ ಶಿರದ ಮೇಲೆ ಹೆಡೆ ಬಿಚ್ಚಿದ ನಾಗನನ್ನು ಕಂಡವರಿಗೆ, ಜೀವಿಗಳು ಪರಸ್ಪರ ಉಪಕಾರದಿಂದ ಬಾಳಬೇಕೆಂಬ ನಮ್ಮ ಸಿದ್ಧಾಂತವನ್ನು ಬೇರೆ ವಿವರಿಸಬೇಕಾಗಿಲ್ಲ.

ಕನ್ನಡಿಗರಿಗೂ ಇದು ದೂರದ ನೆಲವಲ್ಲ. ಕಾಪ್ಪಿಲಿಯರ್ ಎಂದು ಕರೆಯಲ್ಪಡುವ, ಮನೆಯಲ್ಲಿ ಕನ್ನಡವಾಡುವ ಒಕ್ಕಲಿಗರು ತಲೆಮಾರುಗಳಿಂದ ಕಂಬಂನಲ್ಲಿ ನೆಲೆಸಿದ್ದಾರೆ. ದೇವರಿಗೆ ಮೀಸಲಾದ ಗೋಸಮೂಹವೊಂದನ್ನು ಅವರು ಪಾಲಿಸಿಕೊಂಡು ಬಂದಿದ್ದಾರೆ. ಕನ್ನಡದಲ್ಲಿ ಅದು ದೇವರ ಆವು, ತಮಿಳಿನಲ್ಲಿ ತಂಬಿರಾನ್ ಮಾಡು. ಹಿಂಡಿನ ಪಟ್ಟದ ಹೋರಿ ಸತ್ತರೆ ಕಬ್ಬನ್ನು ಮುಂದಿಟ್ಟು, ಅದನ್ನು ಮೊದಲು ತಿಂದ ಹೋರಿಗೆ ಪಟ್ಟ ಕಟ್ಟುವ ಸಂಪ್ರದಾಯವನ್ನು ಬ್ರಿಟಿಷರ ಕಾಲದ ಬರಹಗಳು ದಾಖಲಿಸಿವೆ.

ಅರಿಕೊಂಬನ್ ಬಂದ ದಿನ

2023ರ ಮೇ 27ರಂದು ಒಂದು ಕಾಡಾನೆ ಕಂಬಂ ಪಟ್ಟಣದ ಬೀದಿಗಳಿಗೆ ನುಗ್ಗಿತು. ಮಲೆಯಾಳಿಗಳ ಅರಿ, ತಮಿಳರ ಅರಿಸಿ, ಕನ್ನಡಿಗರ ಅಕ್ಕಿ ಎಲ್ಲವೂ ಒಂದೇ ಕಾಳು. ಅಕ್ಕಿಯ ರುಚಿ ಹತ್ತಿದ ಕೊಂಬಿನ ಆನೆಯಾದುದರಿಂದ ಅದಕ್ಕೆ ಅರಿಕೊಂಬನ್ ಎಂಬ ಹೆಸರು. ಅದರ ಮೂಲ ನೆಲೆ ಬೋಡಿನಾಯಕನೂರಿನ ಮೇಲಿನ ಬೆಟ್ಟಗಳಲ್ಲಿರುವ ಚಿನ್ನಕ್ಕನಾಲ್. ಆನೆಗಳ ಆ ಓಡಾಟದ ನೆಲದಲ್ಲಿಯೇ 2000ದ ದಶಕದ ಆರಂಭದಲ್ಲಿ ಭೂಮಿಯಿಲ್ಲದ ಆದಿವಾಸಿ ಕುಟುಂಬಗಳಿಗೆ ಜಮೀನು ಹಂಚಿ 301 ಕಾಲೋನಿಯನ್ನು ಸ್ಥಾಪಿಸಲಾಯಿತು. ಆನೆಗಳಿಗೆ ಅಂಜಿ ಅನೇಕ ಕುಟುಂಬಗಳು ಅಲ್ಲಿಂದ ಹೊರಟುಹೋದವು. ಅರಿಕೊಂಬನ್ ಮನೆಗಳನ್ನು ಕೆಡವಿತು. ಪನ್ನಿಯಾರ್ ತೋಟದ ಪಡಿತರ ಅಂಗಡಿಯನ್ನು ಅಕ್ಕಿಗಾಗಿ ಮತ್ತೆ ಮತ್ತೆ ಒಡೆಯಿತು.

2023ರ ಏಪ್ರಿಲ್ 29ರಂದು ಅದನ್ನು ಅರಿವಳಿಕೆ ಮದ್ದು ನೀಡಿ ಹಿಡಿದು, ಕೊರಳಿಗೆ ರೇಡಿಯೋ ಪಟ್ಟಿ ತೊಡಿಸಿ ಪೆರಿಯಾರ್ ಕಾಡಿನಲ್ಲಿ ಬಿಡಲಾಯಿತು. ಆನೆಗೆ ರಾಜ್ಯಗಳ ಗಡಿ ತಿಳಿಯದು. ಮೇಘಮಲೆಯ ಚಹಾ ತೋಟಗಳತ್ತ ಸುಳಿದಾಡಿ, ತಿಂಗಳು ತುಂಬುವ ಮೊದಲೇ ಕಂಬಂಗೆ ಇಳಿಯಿತು. ಪಟ್ಟಣದಲ್ಲಿ ನಿಷೇಧಾಜ್ಞೆ ಜಾರಿಯಾಯಿತು. ಗಾಯಗೊಂಡಿದ್ದ ವ್ಯಕ್ತಿಯೊಬ್ಬರು ಮೂರು ದಿನಗಳ ನಂತರ ಅಸುನೀಗಿದರು. ಜೂನ್ 5ರಂದು ಆನೆಯನ್ನು ಮತ್ತೆ ಹಿಡಿದು ದಕ್ಷಿಣದ ಕಳಕ್ಕಾಡು–ಮುಂಡಂತುರೈ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸಾಗಿಸಲಾಯಿತು. ಆ ದಿನ ವಿಶ್ವ ಪರಿಸರ ದಿನವಾಗಿತ್ತು!

ಇಲ್ಲಿ ಅಪರಾಧಿ ಯಾರು? ಹುಟ್ಟಿದ ನೆಲದಲ್ಲಿ ನಡೆದಾಡಿದ ಆನೆಯೇ? ಕೊಟ್ಟ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡ ಬಡವನೇ? ಇಬ್ಬರೂ ಅಲ್ಲ. ಆನೆ ನಡೆಯುವ ದಾರಿಯನ್ನು ವಿಚಾರಿಸದೆ ಜಮೀನು ಹಂಚಿದ ಅವಿವೇಕದ ಫಲವನ್ನು ಇಬ್ಬರೂ ಉಂಡರು.

ಕಾಲು ಎತ್ತಿ ನಿಂತವರು ಯಾರು?

ನಗರದಲ್ಲಿ ಕುಳಿತು ಆನೆಗಾಗಿ ಮರುಗುವುದು ಸುಲಭ. ಮರುಕ ತಪ್ಪಲ್ಲ. ಆದರೆ ಮೊಲಕ್ಕಾಗಿ ಕಾಲು ಎತ್ತಿ ನಿಂತ ಆನೆಯ ಸ್ಥಾನದಲ್ಲಿ ಇಂದು ನಿಂತಿರುವವನು ಕಾಡಂಚಿನ ರೈತ; ಮುಂಜಾನೆಯ ಕತ್ತಲಲ್ಲಿ ಏಲಕ್ಕಿ ತೋಟಕ್ಕೆ ಹೊರಡುವ ಕೂಲಿಯಾಳು; ರಾತ್ರಿಯಿಡೀ ಬಾಳೆಯ ತೋಟ ಕಾಯುವ ಮುದುಕ. ಕಾಡು ಉಳಿದರೆ ಮಳೆ, ನೀರು, ಗಾಳಿಯ ಲಾಭ ಎಲ್ಲರಿಗೂ ಸಲ್ಲುತ್ತದೆ. ಅದರ ನಷ್ಟ ಮಾತ್ರ ಕೆಲವರ ಪಾಲು.

ಮೇಯಿಸುವವರ ಸಂಗತಿಯೂ ಹಾಗೆಯೇ. 2022ರ ಮಾರ್ಚ್‌ನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸಿತು. ಅನಂತರ ಆ ಆಜ್ಞೆಯನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಮತ್ತು ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಿತು. ದನಗಳ ರೋಗ ಕಾಡುಪ್ರಾಣಿಗಳಿಗೆ ಹರಡಬಹುದು, ಮೇವು ಕಡಿಮೆಯಾಗಬಹುದು ಎಂಬ ಕಳವಳ ನಿಜವಾದುದು. ಬೆಟ್ಟದ ಮೇವನ್ನೇ ನಂಬಿದ ತೇನಿಯ ಮಲೆಮಾಡು ತಳಿಯ ದನಗಳೂ ಅವುಗಳ ಗೋಪಾಲಕರೂ ಎಲ್ಲಿ ಹೋಗಬೇಕೆಂಬ ಪ್ರಶ್ನೆಯೂ ಅಷ್ಟೇ ನಿಜವಾದುದು. ಒಂದು ನಿಜವನ್ನು ಹಿಡಿದು ಇನ್ನೊಂದನ್ನು ಅಲ್ಲಗಳೆಯುವುದು ಏಕಾಂತ. ಎರಡನ್ನೂ ಕಾಣುವುದು ಅನೇಕಾಂತ.

ಭಾರವನ್ನು ಹಂಚಿಕೊಂಡ ಪ್ರಯತ್ನಗಳು

ಪೆರಿಯಾರ್‌ನಲ್ಲಿ 1990ರ ದಶಕದ ಕೊನೆಯಲ್ಲಿ ಒಂದು ವಿಶೇಷ ಪ್ರಯೋಗ ನಡೆಯಿತು. ಕಾಡುದಾಲ್ಚಿನ್ನಿಯ ತೊಗಟೆಯನ್ನು ಕದ್ದು ಸಾಗಿಸುತ್ತಿದ್ದವರು ಆ ವೃತ್ತಿಯನ್ನು ತೊರೆದು, ಅರಣ್ಯ ಇಲಾಖೆಯೊಡನೆ ಸೇರಿ ಕಾಡಿನ ಕಾವಲುಗಾರರೂ ಪ್ರವಾಸಿಗರ ಮಾರ್ಗದರ್ಶಕರೂ ಆದರು. 2002ರಿಂದ ವಸಂತ ಸೇನೆಯ ಮಹಿಳೆಯರು ಸಂಬಳವಿಲ್ಲದೆ ಸರದಿಯ ಮೇಲೆ ಕಾಡಿನಲ್ಲಿ ಗಸ್ತು ತಿರುಗತೊಡಗಿದರು. ಜೀವನೋಪಾಯವೂ ಗೌರವವೂ ದೊರೆತರೆ ಕಾಡಿನ ನೆರೆಯವನು ಕಾಡಿನ ಮಿತ್ರನಾಗುತ್ತಾನೆಂಬುದಕ್ಕೆ ಇದು ಸಾಕ್ಷಿ.

ಕೊಯಮತ್ತೂರು ಜಿಲ್ಲೆಯ ವಾಲ್ಪಾರೈಯಲ್ಲಿ ಅಧ್ಯಯನಕಾರರು ಒಂದು ಸರಳ ಸತ್ಯವನ್ನು ಕಂಡುಕೊಂಡರು. ಹೆಚ್ಚಿನ ಸಾವುಗಳಿಗೆ ಕಾರಣ ಆನೆಯ ದ್ವೇಷವಲ್ಲ. ಆನೆ ಅಲ್ಲಿದೆಯೆಂದು ಮನುಷ್ಯನಿಗೆ ತಿಳಿಯದಿದ್ದುದು. ಆದ್ದರಿಂದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯು 2011ರಲ್ಲಿ ಆನೆಯಿರುವ ಸ್ಥಳವನ್ನು ಮೊಬೈಲ್ ಸಂದೇಶದ ಮೂಲಕ ತಿಳಿಸುವ ವ್ಯವಸ್ಥೆಯನ್ನು ಆರಂಭಿಸಿತು. ಆಯಕಟ್ಟಿನ ಸ್ಥಳಗಳಲ್ಲಿ ಕೆಂಪು ದೀಪಗಳನ್ನೂ ಇರಿಸಿತು. ಸಾವುಗಳು ಇಳಿಮುಖವಾದವು. ಕರ್ನಾಟಕದ ಬಂಡೀಪುರ, ನಾಗರಹೊಳೆಗಳ ಸುತ್ತ 2015ರಿಂದ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆಯ ವೈಲ್ಡ್‌ಸೇವೆ ಎಂಬ ಯೋಜನೆಯು, ಬೆಳೆ ಅಥವಾ ದನ ಕಳೆದುಕೊಂಡವರು ದೂರವಾಣಿ ಮಾಡಿದರೆ ಸ್ಥಳಕ್ಕೇ ಬಂದು ಸರ್ಕಾರದ ಪರಿಹಾರಕ್ಕಾಗಿ ಅರ್ಜಿ ಸಲ್ಲಿಸಲು ನೆರವಾಯಿತು. ನಿಯಮವಿದ್ದರೂ ಅರ್ಜಿ ಬರೆಯಲಾರದವನಿಗೆ ಪರಿಹಾರ ಗಗನಕುಸುಮವೇ ಅಲ್ಲವೇ?

ಶ್ರಾವಕರ ಕರ್ತವ್ಯ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಾವು ಮನೆಯಲ್ಲಿ ಗುಜರಾತಿ, ಮಾರವಾಡಿ, ತಮಿಳು, ಕನ್ನಡ ಯಾವ ನುಡಿಯನ್ನಾಡಿದರೂ ಬಲ್ಲೆವು. ಅಭಯದಾನವೆಂದರೆ ಭಯವನ್ನು ನೀಗುವುದು. ಆನೆಗೆ ಅಭಯವನ್ನಿತ್ತು ಅದರ ನೆರೆಯವನನ್ನು ಭಯದಲ್ಲಿ ಬಿಟ್ಟರೆ ಆ ದಾನ ಅರ್ಧವೇ ಸರಿ. ಭಯದಲ್ಲಿ ಬದುಕುವವನು ಒಂದು ದಿನ ವಿದ್ಯುತ್ ತಂತಿಯನ್ನು ಕಟ್ಟುತ್ತಾನೆ. ಆಗ ಹಿಂಸೆಯಲ್ಲಿ ನಮಗೂ ಪಾಲುಂಟು.

ಆದ್ದರಿಂದ ಕಾಡಂಚಿನ ಕುಟುಂಬಗಳಿಗೆ ಪರಿಹಾರದ ಅರ್ಜಿ ಬರೆದುಕೊಡುವುದು, ಧಾನ್ಯ ಸಂಗ್ರಹಕ್ಕೆ ಭದ್ರವಾದ ಕೋಣೆ ಕಟ್ಟಿಸುವುದು, ಹಾದಿಗೆ ದೀಪ ಹಾಕಿಸುವುದು, ಇವೂ ಅಭಯದಾನವೇ. ಘಟ್ಟದ ರಸ್ತೆಯಲ್ಲಿ ಕೋತಿಗಳಿಗೆ ಬಾಳೆಹಣ್ಣು ಎಸೆಯುವುದು ಮಾತ್ರ ದಾನವಲ್ಲ. ಮನುಷ್ಯನ ಆಹಾರದ ರುಚಿ ಕಂಡ ಪ್ರಾಣಿಯ ಗತಿ ಏನಾಗುತ್ತದೆಂಬುದನ್ನು ಅರಿಕೊಂಬನ್ ತೋರಿಸಿದೆ. ಯಾತ್ರೆಯ ಊಟದ ಶೇಷವನ್ನು ಕಾಡಿನಲ್ಲಿ ಬಿಡದಿರುವುದೂ ಒಂದು ವ್ರತ. ಕಾಡಂಚಿನ ಜಮೀನನ್ನು ಕೊಳ್ಳುವಾಗ ಆನೆಯ ದಾರಿಯನ್ನು ವಿಚಾರಿಸಿ, ಅಲ್ಲಿ ಬೇಲಿ ಹಾಕದಿರುವುದು ಅಪರಿಗ್ರಹ.

ಗಜರಾಜನು ಒಂಟಿಯಾಗಿ ಕಾಲೆತ್ತಿ ನಿಂತು ಪ್ರಾಣವನ್ನೇ ತೆತ್ತನು. ನಾವು ಅನೇಕರಿದ್ದೇವೆ. ಆ ಭಾರವನ್ನು ಎಲ್ಲರೂ ಹಂಚಿಕೊಂಡರೆ ಮೊಲವೂ ಉಳಿದೀತು, ಆನೆಯೂ ಉಳಿದೀತು.

ಸ್ವಾಧ್ಯಾಯಕ್ಕಾಗಿ ಪ್ರಶ್ನೆಗಳು

1. ಗಜರಾಜನು ಬೆಂಕಿ ಬರುವ ಮೊದಲೇ ಬಯಲನ್ನು ಸಿದ್ಧಪಡಿಸಿದ್ದರಿಂದ ನಾವು ಕಲಿಯಬೇಕಾದುದೇನು?

2. ದನ ಮೇಯಿಸುವ ಪ್ರಶ್ನೆಯನ್ನು ಅನೇಕಾಂತ ದೃಷ್ಟಿಯಿಂದ ವಿವೇಚಿಸಿರಿ.

3. ಪ್ರಾಣಿಗೆ ಆಹಾರ ನೀಡುವುದು ಯಾವಾಗ ದಾನ, ಯಾವಾಗ ಹಾನಿ?

4. ನಿಮ್ಮ ಊರಿನಲ್ಲಿ ಕಾಡು ಅಥವಾ ಪ್ರಾಣಿಗಳಿಗಾಗಿ ನಷ್ಟವನ್ನು ಸಹಿಸುತ್ತಿರುವವರು ಯಾರು? ಅವರಿಗೆ ನಿಮ್ಮ ಕುಟುಂಬ ಏನು ಮಾಡಬಲ್ಲದು?

ಜೈ ಜಿನೇಂದ್ರ.